ಗೂಡಿನ ಮಾರ್ಕೆಟ್ಟಿನ ಇಂಗ್ಲಿಷ್ ಟೀಚರಮ್ಮ

ಬುಧವಾರ, ಬೆಳಗಿನ ಆರು ಗಂಟೆ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಗೇಟಿನ ಮುಂದೆ ಟೆಂಪೋಗಳಿಂದ ರೇಷ್ಮೆಗೂಡಿನ ಚೀಲಗಳು ಇಳಿಯುತ್ತಿವೆ. ಹೊಸಬರಾದರೆ ಇಲ್ಲಿನ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ. ಈ ಊರಿನವರಿಗೆ ಅದು ಅನ್ನದ ವಾಸನೆ. ಟೀ ಅಂಗಡಿಯ ಪಕ್ಕ, ಬುರ್ಖಾದ ಮೇಲೊಂದು ಬೂದು ಬಣ್ಣದ ಸ್ವೆಟರ್ ಹಾಕಿಕೊಂಡ ಹೆಂಗಸು ಬಟ್ಟೆಚೀಲ ಹಿಡಿದು ನಿಂತಿದ್ದಾರೆ. ಚೀಲದ ತುಂಬ ಮೊಂಡು ಪೆನ್ಸಿಲುಗಳು, ರಬ್ಬರ್ ಬ್ಯಾಂಡ್ ಹಾಕಿದ ಬಿಳಿ ಚೀಟಿಗಳ ಕಟ್ಟುಗಳು.

ಇವರು ಶಮ್ಸುನ್ನೀಸಾ ಟೀಚರು. ವಯಸ್ಸು ಐವತ್ತೆರಡು. ಮಾರ್ಕೆಟ್ಟಿನ ಹಳಬರ ಬಾಯಲ್ಲಿ ಇವತ್ತಿಗೂ, ಗೂಡು ಕೊಂಡು ನೂಲು ತೆಗೆಯುತ್ತಿದ್ದ ರೀಲರ್ ಉಸ್ಮಾನ್ ಸಾಬ್ರ ಮಗಳು.

ಕಾಲೇಜಿನ ವ್ಯಾನು ಬಂದು ನಿಲ್ಲುತ್ತದೆ. ಇಪ್ಪತ್ತೆರಡು ಜನ ಇಳಿಯುತ್ತಾರೆ. ರುವಾಂಡ, ತಾಂಜಾನಿಯಾ, ಯೆಮೆನ್, ನೇಪಾಳ, ಭೂತಾನ್, ಒಬ್ಬೊಬ್ಬರದು ಒಂದೊಂದು ದೇಶ. ಟೀಚರು ಒಬ್ಬೊಬ್ಬರ ಕೈಗೂ ಒಂದು ಪೆನ್ಸಿಲು, ಒಂದು ಕಟ್ಟು ಚೀಟಿ ಕೊಡುತ್ತಾರೆ. ಅವರಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನೇ ಪಕ್ಕದಲ್ಲಿ ಕೂತ ನನಗೆ ಕನ್ನಡದಲ್ಲೂ ಹೇಳುತ್ತಾರೆ.

"ಯಾರು ಹೇಳಿದ್ರು, ಎಲ್ಲಿ ಹೇಳಿದ್ರು, ಯಾವಾಗ ಹೇಳಿದ್ರು. ಈ ಮೂರು ಇಲ್ದೆ ಒಂದು ಮಾತೂ ನೋಟ್ಸಿಗೆ ಬರಬಾರದು. ಚೀಟಿ ಇಲ್ಲದ ಲಾಟು ಯಾರದೂ ಅಲ್ಲ."

ಇಲ್ಲಿ ರೈತ ತಂದ ಗೂಡು ಒಂದು ಲಾಟು. ಅದರ ಮೇಲೆ ಒಂದು ಚೀಟಿ. ರೈತನ ಹೆಸರು, ಊರು, ಲಾಟಿನ ನಂಬರು. ಈಗ ಅದು ಕಂಪ್ಯೂಟರಿನಿಂದ ಬರುತ್ತದೆ, ಹಿಂದೆ ಕೈಯಲ್ಲಿ ಬರೆಯುತ್ತಿದ್ದೆವು. ಮೂವತ್ತೆರಡು ವರ್ಷ ಹಾಗೆ ಬರೆದವರಲ್ಲಿ ನಾನೂ ಒಬ್ಬ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಅಷ್ಟು ಅಕ್ಷರ ಸಾಕಾಗುತ್ತಿತ್ತು. ಆ ಚೀಟಿಯನ್ನೇ ಎತ್ತಿಕೊಂಡು ದೊಡ್ಡ ಓದಿನ ಇಂಗ್ಲಿಷ್ ಹೇಳಿಕೊಡಬಹುದು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ.

ಹುಡುಗ ಹುಡುಗಿಯರು ಲಾಟುಗಳ ನಡುವೆ ಚೆದುರುತ್ತಾರೆ. ಚಿಂತಾಮಣಿ ಕಡೆಯ ರೈತ ವೆಂಕಟರಾಮಪ್ಪ ತನ್ನ ಗೂಡಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಾನೆ.

"ಏಮಮ್ಮಾ ಟೀಚರಮ್ಮ, ನಮ್ಮೂರ ಹುಡುಗ್ರು ಇಂಗ್ಲಿಷ್ ಬೇಕು ಅಂತ ಬೆಂಗಳೂರಿಗೆ ಓಡ್ತವೆ. ಇವ್ರು ನೋಡಿದ್ರೆ ಇಂಗ್ಲಿಷ್ ಕಲಿಯೋಕೆ ವಿಮಾನ ಹತ್ಕೊಂಡು ಶಿಡ್ಲಘಟ್ಟಕ್ಕೆ ಬಂದವ್ರೆ."

"ಇಂಗ್ಲಿಷ್ ಅವ್ರಿಗೆ ಬರುತ್ತೆ ವೆಂಕಟರಾಮಪ್ಪ. ಇನ್ನೊಬ್ರು ಹೇಳಿದ್ದನ್ನ ನೆಟ್ಟಗೆ ಕೇಳೋದು ಕಲಿಬೇಕು. ಅದಕ್ಕೇ ನಿಮ್ಮ ಹತ್ರ ಕರ್ಕೊಂಡು ಬಂದಿದೀನಿ."

"ಹಂಗಾದ್ರೆ ನಮ್ಮ ಪಂಚಾಯ್ತಿ ಮೆಂಬರನ್ನೂ ಸೇರಿಸ್ಕೊಳಮ್ಮ. ಅವನೂ ಕಲಿಬೇಕು."

ಸುತ್ತ ನಿಂತವರು ನಗುತ್ತಾರೆ. ಯೆಮೆನ್ ಹುಡುಗನೊಬ್ಬ ಯಾಕೆ ನಕ್ಕರು ಅಂತ ಕೇಳುತ್ತಾನೆ. ಟೀಚರು ಬಿಡಿಸಿ ಹೇಳುತ್ತಾರೆ. ಅವನು ಚೀಟಿ ತೆಗೆದು ಅದನ್ನೂ ಬರೆದುಕೊಳ್ಳುತ್ತಾನೆ. ಕೆಳಗೆ ವೆಂಕಟರಾಮಪ್ಪನ ಹೆಸರು, ಗಂಟೆ.

ಟೀಚರ ಕೆಲಸ ಏನು ಅಂತ ತಿಳಿಯೋದಕ್ಕೆ ನನಗೇ ಒಂದು ವರ್ಷ ಹಿಡಿಯಿತು. ತಿಳಿದಷ್ಟು ಹೇಳುತ್ತೇನೆ. ಪೆರೇಸಂದ್ರದ ಕಡೆ, ಹೆದ್ದಾರಿ ಪಕ್ಕ, ಒಂದು ದೊಡ್ಡ ಖಾಸಗಿ ಕಾಲೇಜಿದೆ. ಅದರ ಹೆಸರು ಬರೆಯಬೇಡಿ ಅಂದಿದ್ದಾರೆ ಟೀಚರು. ಅಲ್ಲಿಗೆ ಹೊರದೇಶದ ಮಕ್ಕಳು ಬರುತ್ತಾರೆ. ಕೃಷಿ, ರೇಷ್ಮೆ, ಕಂಪ್ಯೂಟರು ಓದುತ್ತಾರೆ. ಅವರಿಗೆ ಸಂತೆಯಲ್ಲಿ ಮಾತಾಡುವಷ್ಟು ಇಂಗ್ಲಿಷ್ ಇರುತ್ತದೆ. ಆದರೆ ಪಾಠ ಕೇಳುತ್ತಾ ಮುಖ್ಯವಾದದ್ದನ್ನು ಆರಿಸಿ ಬರೆದುಕೊಳ್ಳೋದು, ಓದಿದ ಪುಸ್ತಕವನ್ನು ತಮ್ಮ ಮಾತಿನಲ್ಲಿ ಹೇಳೋದು, ಯಾರ ಮಾತು ಎಲ್ಲಿಯದು ಅಂತ ತೋರಿಸೋದು, ಮೇಷ್ಟ್ರು ಹೇಳಿದ್ದು ಒಪ್ಪಿಗೆಯಾಗದಿದ್ದರೆ ಎದ್ದು ಮರ್ಯಾದೆಯಿಂದ ಕೇಳೋದು, ಇದು ಬೇರೆ ಇಂಗ್ಲಿಷಂತೆ. ಅದಕ್ಕೆ ಹದಿನಾಲ್ಕು ವಾರದ ಒಂದು ಕೋರ್ಸು. ಪಾಸಾದರೆ ಕಾಲೇಜಿನ ಸೀಟು ಗಟ್ಟಿ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಊರಿಗೆ ಹೋಗಬೇಕು.

ಆ ಕೋರ್ಸನ್ನು ಹನ್ನೊಂದು ವರ್ಷದಿಂದ ನಡೆಸುತ್ತಿರುವವರು ಶಮ್ಸುನ್ನೀಸಾ. ಇಲ್ಲಿಯವರೆಗೆ ಮೂವತ್ತೊಂದು ಬ್ಯಾಚು, ಆರುನೂರ ನಲವತ್ತು ಮಕ್ಕಳು. ಕೆಲಸ ಇನ್ನೂ ಕಾಯಂ ಆಗಿಲ್ಲ, ವರ್ಷಕ್ಕೊಂದು ಸಲ ಕಾಗದ ಹೊಸದಾಗಬೇಕು. ಕಾಲೇಜಿನ ಬಣ್ಣದ ಪುಸ್ತಕದಲ್ಲಿ ಕಟ್ಟಡದ ಪಟ ಇದೆ, ಕ್ಯಾಂಟೀನಿನ ಪಟವೂ ಇದೆ. ಇವರ ಹೆಸರು ಹುಡುಕಿದೆ, ಸಿಗಲಿಲ್ಲ. ಅದನ್ನು ಹೇಳಿದರೆ, "ಪುಸ್ತಕ ನೋಡಿ ಯಾರೂ ಕಲಿಯಲ್ಲ ಬಿಡಿ ಚಾಚಾ" ಅಂತ ನಗುತ್ತಾರೆ.

ಮಾರ್ಕೆಟ್ಟಿನ ದಿನ ಬಿಟ್ಟರೆ ಮಿಕ್ಕ ದಿನ ಬೆಳಿಗ್ಗೆ ಏಳೂವರೆ ಬಸ್ಸು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ, ಅಲ್ಲಿ ಬಸ್ಸು ಬದಲಿಸಿ ಪೆರೇಸಂದ್ರ. ದಿನಕ್ಕೆ ನಾಲ್ಕು ಬಸ್ಸು, ಐದು ಗಂಟೆ ಪಾಠ. ಇಪ್ಪತ್ತೆರಡು ನೋಟ್ಸು, ಒಂದೊಂದರಲ್ಲಿ ಎರಡು ಪುಟ. ಆ ನಲವತ್ತನಾಲ್ಕು ಪುಟವನ್ನು ಬಸ್ಸಿನಲ್ಲೇ ಮಡಿಲ ಮೇಲಿಟ್ಟುಕೊಂಡು ತಿದ್ದುತ್ತಾರೆ. ಕಂಡಕ್ಟರು ಚಿಲ್ಲರೆ ಕೊಡಲು ಬಂದರೂ ತಲೆ ಎತ್ತೋದಿಲ್ಲ. ಕೆಂಪು ಪೆನ್ನು ಮುಟ್ಟೋದಿಲ್ಲ, ಪೆನ್ಸಿಲಿನಲ್ಲೇ ತಿದ್ದೋದು. ಯಾಕಮ್ಮಾ ಅಂತ ಕೇಳಿದೆ.

"ನಾನು ತಿದ್ದಿದ್ದೇ ತಪ್ಪಿರಬಹುದು. ಅಳಿಸೋಕೆ ಆಗ್ಬೇಕಲ್ಲ."

ಈ ಮಾತು ಸುಮ್ಮನೆ ಬಂದದ್ದಲ್ಲ. ಅವರು ಹುಟ್ಟಿದ್ದು ನಾಲ್ಕು ಒಲೆಯ ರೀಲಿಂಗ್ ಮನೆಯಲ್ಲಿ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಎಳೆ ತೆಗೆಯುವ ಮನೆ ಅಂದರೆ ವರ್ಷಪೂರ್ತಿ ಹಬೆ. ಆ ಹಬೆಯಲ್ಲಿ ಪುಸ್ತಕದ ಹಾಳೆಗಳು ಅಂಟಿಕೊಳ್ಳುತ್ತಿದ್ದವು. ಬಿಡಿಸಲು ಹೋದರೆ ಹರಿಯುತ್ತಿದ್ದವು. ಅದಕ್ಕೆ ಹುಡುಗಿ ಪಾಠವನ್ನು ಒಂದೇ ಸಲ ಓದಿ ಬಾಯಿಪಾಠ ಮಾಡಿಬಿಡುತ್ತಿದ್ದಳು. ಏಳರ ತನಕ ಉರ್ದು ಸ್ಕೂಲು, ಆಮೇಲೆ ಕನ್ನಡ. ಪಿಯುಸಿಯಲ್ಲಿ ಇಂಗ್ಲಿಷ್ ಫೇಲಾಯಿತು. ಗೈಡಿನ ಉತ್ತರವೆಲ್ಲ ಬಾಯಲ್ಲಿತ್ತು. ಪ್ರಶ್ನೆ ಒಂಚೂರು ತಿರುಗಿಸಿ ಕೇಳಿದ್ದಕ್ಕೆ ಕೈ ನಿಂತುಹೋಯಿತು.

"ನಾನೂ ಬಾಯಿಪಾಠದ ಮಗಳೇ ಚಾಚಾ. ಅದಕ್ಕೆ ಈ ಮಕ್ಕಳು ಎಲ್ಲಿ ಬೀಳ್ತಾರೆ ಅಂತ ನಂಗೆ ಮೊದಲೇ ಗೊತ್ತಾಗುತ್ತೆ."

ಎರಡನೇ ಸಲ ಪಾಸು ಮಾಡಿದರು. ಮನೆಯಲ್ಲಿ ಕೂತೇ ಪೋಸ್ಟಿನಲ್ಲಿ ಬಿ.ಎ., ಎಂ.ಎ. ಮುಗಿಸಿದರು. ಗೌರಿಬಿದನೂರಿನಲ್ಲಿ ಒಂದು ಸ್ಕೂಲು, ಮಂಚೇನಹಳ್ಳಿಯಲ್ಲಿ ಇನ್ನೊಂದು, ಹೀಗೆ ಹದಿನೈದು ವರ್ಷ ಪಾಠ ಹೇಳಿದ ಮೇಲೆ ಹೆದ್ದಾರಿಯ ಕಾಲೇಜು. ಮೊದಲ ಬ್ಯಾಚಿನಲ್ಲಿ ಹದಿನೆಂಟು ಜನರಲ್ಲಿ ಏಳು ಜನ ನಪಾಸು. ಎಲ್ಲರೂ ಪುಸ್ತಕದ ಸಾಲನ್ನು ಹಾಗೇ ಇಳಿಸಿದ್ದರು, ಯಾರ ಸಾಲು ಅಂತ ಬರೆದಿರಲಿಲ್ಲ. ತರಗತಿಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗಿರಲಿಲ್ಲ. ಎರಡನೇ ಬ್ಯಾಚನ್ನು ಈ ಮಾರ್ಕೆಟ್ಟಿಗೆ ಕರೆತಂದರು. ಚೀಟಿಯಿಲ್ಲದ ಗೂಡನ್ನು ಯಾವ ರೀಲರೂ ಕೈಯಲ್ಲಿ ಮುಟ್ಟೋದಿಲ್ಲ ಅಂತ ಕಣ್ಣಾರೆ ತೋರಿಸಿದರು. ಆ ಸಲ ನಪಾಸಾದವರು ಒಬ್ಬರೇ.

ಹೋದ ವರ್ಷದ ಒಂದು ಸಂಗತಿ ಹೇಳಬೇಕು. ಅದನ್ನು ಬರೆಯಬೇಕು ಅಂತಲೇ ನಾನು ಈ ಕಾಗದ ಹಿಡಿದದ್ದು.

ಆ ಬ್ಯಾಚಿನಲ್ಲಿ ಕ್ಲೋದೀನ್ ಅಂತ ರುವಾಂಡದ ಹುಡುಗಿ. ರೇಷ್ಮೆ ಓದಲು ಅವಳ ಸರ್ಕಾರವೇ ಕಳಿಸಿತ್ತು. ಅವಳ ಜಿಲ್ಲೆಯಿಂದ ಬಂದವಳು ಅವಳೊಬ್ಬಳೇ. ನಮ್ಮ ಹೆಂಗಸರು ಅವಳನ್ನು ಕ್ಲೋದೀನಮ್ಮ ಅಂತಲೇ ಕರೆಯುತ್ತಿದ್ದರು. ಒಂದು ಬುಧವಾರ ಅವಳೂ ಇನ್ನಿಬ್ಬರೂ ತೂಕದ ಮನೆ ಪಕ್ಕದ ಕಲ್ಲುಬೆಂಚಿನ ಮೇಲೆ ನನ್ನ ಸುತ್ತ ಕೂತರು. ಗೂಡು ಒಳ್ಳೆಯದೋ ಅಲ್ಲವೋ ಹೇಗೆ ತಿಳಿಯುತ್ತೀರಿ ಅಂತ ಕೇಳಿದರು. ನಾನು ಯಾವಾಗಲೂ ಹೇಳುವುದನ್ನೇ ಹೇಳಿದೆ. ಮೇಲಿನ ಗೂಡು ಎಲ್ಲರಿಗೂ ಚೆಂದ ಕಾಣುತ್ತದೆ. ಕೈಯನ್ನು ಮೊಣಕೈ ತನಕ ಲಾಟಿನ ಒಳಗೆ ಬಿಡಬೇಕು, ತಳದಿಂದ ಒಂದು ಹಿಡಿ ತೆಗೆಯಬೇಕು, ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗಿನ ಹುಳು ಗಟ್ಟಿಯಾಗಿ ಲಟಲಟ ಅಂದರೆ ಬಲಿತ ಒಳ್ಳೆ ಗೂಡು. ಸದ್ದು ಮಾಡದೆ ಅಂಟಿಕೊಂಡಿದ್ದರೆ ಒಳಗೆ ಕೊಳೆತಿದೆ. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಟೀಚರು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು, ಮಕ್ಕಳು ಬರೆದುಕೊಂಡರು. ಮೂವರೂ ಕೆಳಗೆ ನರಸಿಂಹಪ್ಪ ಅಂತ ನನ್ನ ಹೆಸರು, ಜಾಗ, ಗಂಟೆ ಹಾಕಿದರು. ಹುಡುಗರು ಎಷ್ಟು ಶಿಸ್ತು ಅಂತ ಅನ್ನಿಸಿತ್ತು.

ಕೋರ್ಸಿನ ಕೊನೆಗೆ ಅದನ್ನೆಲ್ಲ ಸೇರಿಸಿ ಒಂದು ದೊಡ್ಡ ವರದಿ ಬರೆಯಬೇಕು. ಕಾಲೇಜಿನಲ್ಲಿ ಅದನ್ನು ಕಂಪ್ಯೂಟರಿಗೆ ಹಾಕಿ ನೋಡುತ್ತಾರೆ. ಬೇರೆ ಕಡೆಯಿಂದ ಇಳಿಸಿದ್ದರೆ ಬಣ್ಣ ಬರುತ್ತದಂತೆ. ಆ ಕೆಲಸ ನೋಡುವ ತನುಜ ಅನ್ನುವ ಹುಡುಗಿ ಟೀಚರನ್ನು ಕರೆದು ಪರದೆ ತೋರಿಸಿದಳು. ಮೂರು ವರದಿಯಲ್ಲೂ ಆರು ಸಾಲು ಹುಬೇಹೂಬು ಒಂದೇ. ಆರೂ ಸಾಲು ಕೆಂಪು. ಒಬ್ಬರದನ್ನು ಒಬ್ಬರು ನಕಲು ಮಾಡಿದ್ದಾರೆ ಅಂತಾಯಿತು. ನಕಲಾದರೆ ಸೊನ್ನೆ. ಸೊನ್ನೆ ಬಂದರೆ ಸೀಟಿಲ್ಲ, ಸೀಟಿಲ್ಲದಿದ್ದರೆ ವೀಸಾ ಇಲ್ಲ.

ಟೀಚರು ಕ್ಲೋದೀನಳನ್ನು ಕೂರಿಸಿಕೊಂಡು ಕೇಳಿದರು. ಯಾರದನ್ನು ನೋಡಿ ಬರೆದೆ ಅಂತ. ಯಾರದನ್ನೂ ಇಲ್ಲ, ಅಜ್ಜ ಹೇಳಿದ್ದು, ಅಜ್ಜನ ಹೆಸರು ಹಾಕಿದ್ದೀನಲ್ಲ ಅಂದಳು. ಇನ್ನಿಬ್ಬರದೂ ಅದೇ ಉತ್ತರ. ಕ್ಲೋದೀನ್ ಹಾಸ್ಟೆಲಿಗೆ ಹೋಗಿ ಪೆಟ್ಟಿಗೆ ತೆಗೆದು ಬಟ್ಟೆ ಮಡಿಚಲು ಶುರು ಮಾಡಿದಳಂತೆ.

ಮಾರನೇ ದಿನ ಬಸ್ಸಿನಲ್ಲಿ ಟೀಚರು ಮೂರೂ ವರದಿ ಮಡಿಲಲ್ಲಿ ಇಟ್ಟುಕೊಂಡು ಓದುತ್ತಾ ಬಂದರು. ಮಕ್ಕಳು ಸುಳ್ಳು ಹೇಳುತ್ತಿಲ್ಲ ಅನ್ನುವುದು ಮನಸ್ಸಿಗೆ ಗೊತ್ತು. ಆದರೆ ಆರು ಸಾಲು ಒಂದೇ ಹೇಗಾಯಿತು? ಪೆರೇಸಂದ್ರ ಬಂತು, ಇಳಿಯಲಿಲ್ಲ. ಕಂಡಕ್ಟರು ಕೂಗಿದ್ದೂ ಕೇಳಿಸಲಿಲ್ಲ. ಆಗ ಹೊಳೆದದ್ದನ್ನು ಅವರ ಮಾತಿನಲ್ಲೇ ಕೇಳಿ.

"ಅಲ್ಲ, ನರಸಿಂಹಪ್ಪ ಚಾಚಾಗೆ ಇಂಗ್ಲಿಷ್ ಎಲ್ಲಿ ಬರುತ್ತೆ? ಈ ಇಂಗ್ಲಿಷ್ ಯಾರದು? ನಂದು. ನಾನು ಹೇಳಿದ್ದನ್ನ ಮೂವರೂ ಅಕ್ಷರ ಬಿಡದೆ ಬರ್ಕೊಂಡವ್ರೆ. ಹತ್ತು ವರ್ಷದಿಂದ ಎಲ್ಲರಿಗೂ ಚೀಟಿ ಹಾಕಿ ಅಂತೀನಿ, ನನ್ನ ಮಾತಿಗೆ ಚೀಟಿ ಹಾಕ್ಸೋದು ನಂಗೇ ಮರೆತುಹೋಗಿತ್ತು."

ಮುಂದಿನ ಸ್ಟಾಪಿನಲ್ಲಿ ಇಳಿದರು. ವಾಪಸ್ ಬಸ್ಸಿಗೆ ಕಾಯದೆ ಹೆದ್ದಾರಿ ಅಂಚಿನಲ್ಲಿ ಮೂರು ಕಿಲೋಮೀಟರು ನಡೆದು ನೆಟ್ಟಗೆ ಡೀನ್ ಸಾಹೇಬರ ಕೋಣೆಗೆ ಹೋದರು. ತಪ್ಪು ನನ್ನದು, ಮಕ್ಕಳದಲ್ಲ ಅಂದರು.

ಡೀನ್ ಒಳ್ಳೆಯ ಮನುಷ್ಯರೇ. ಆದರೆ ಅವರೂ ಹತ್ತು ಜನಕ್ಕೆ ಉತ್ತರ ಕೊಡಬೇಕಾದವರು. ಮಕ್ಕಳನ್ನು ಉಳಿಸಿಕೊಳ್ಳಲು ನೀವು ಹೀಗೆ ಹೇಳುತ್ತಿಲ್ಲ ಅನ್ನುವುದಕ್ಕೆ ಏನು ಆಧಾರ ಅಂತ ಕೇಳಿದರಂತೆ. ಇನ್ನೊಂದು ಮಾತನ್ನೂ ಮೆತ್ತಗೆ ಹೇಳಿದರಂತೆ. ತಪ್ಪು ನಿಮ್ಮದು ಅಂತಾದರೆ ಅದು ಫೈಲಿಗೆ ಹೋಗುತ್ತದೆ, ನಿಮ್ಮ ಕಾಗದ ಹೊಸದಾಗೋದು ಮುಂದಿನ ತಿಂಗಳು, ಯೋಚನೆ ಮಾಡಿ. ಟೀಚರು ಯೋಚನೆಗೆ ಸಮಯ ಕೇಳಲಿಲ್ಲ. ಫೈಲಿಗೆ ಬರ್ಕೊಳ್ಳಿ ಸರ್, ಆದರೆ ಚಾಚಾನ ಒಂದು ಸಲ ಕರೆಸಿ ಅಂದರು.

ಹಾಗೆ ನನ್ನನ್ನು ಕರೆಸಿದರು. ಅಷ್ಟು ದೊಡ್ಡ ಕಾಲೇಜಿನೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಉದ್ದನೆಯ ಮೇಜು, ಐದು ಜನ. ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ತನುಜ. ಗೋಡೆಗೆ ಒರಗಿ ಮೂವರು ಮಕ್ಕಳು. ಕ್ಲೋದೀನಮ್ಮ ನನ್ನನ್ನು ನೋಡಿದವಳೇ ಎದ್ದು ಎರಡೂ ಕೈ ಜೋಡಿಸಿದಳು. ಟೀಚರ ಬಳಿ ವರದಿಗಳಿರಲಿಲ್ಲ, ಡೀನ್ ಅವನ್ನು ತೆಗೆದುಕೊಂಡು ಬೇರೆ ಕಡೆ ಇಟ್ಟಿದ್ದರು. ಆ ದಿನ ಬೆಂಚಿನ ಮೇಲೆ ಹೇಗೆ ಹೇಳಿದಿರೋ ಹಾಗೇ ಹೇಳಿ ಅಂದರು ಡೀನ್. ಬರೆಸಿಕೊಟ್ಟಿದ್ದನ್ನು ಒಪ್ಪಿಸಿದ ಹಾಗೆ ಹೇಳಬೇಡಿ ಅಂತಲೂ ಅಂದರು.

"ಸ್ವಾಮಿ, ನಲವತ್ತು ವರ್ಷದಿಂದ ಇದನ್ನೊಂದೇ ಹೇಳ್ಕೊಂಡು ಬಂದಿದೀನಿ. ಬೇರೆ ಥರ ಹೇಳೋಕೆ ನಂಗೆ ಬರಲ್ಲ" ಅಂದೆ.

ಹೇಳಿದೆ. ಟೀಚರು ಪಕ್ಕದಲ್ಲಿ ಕೂತು, ನೆಲ ನೋಡುತ್ತಾ, ನನ್ನ ಒಂದೊಂದು ಮಾತಿಗೂ ಇಂಗ್ಲಿಷ್ ಹೇಳಿದರು. ತನುಜ ಟಕಟಕ ಒತ್ತಿಕೊಂಡಳು. ಮುಗಿದ ಮೇಲೆ ಅವಳು ಪರದೆಯನ್ನು ಐವರ ಕಡೆಗೂ ತಿರುಗಿಸಿದಳು. ಆರು ಸಾಲಿನಲ್ಲಿ ನಾಲ್ಕು ಹಾಗೇ ಬಂದಿದ್ದವು. ಒಂದಕ್ಷರ ಆಚೀಚೆ ಇಲ್ಲ. ಮಿಕ್ಕ ಎರಡರಲ್ಲಿ ಒಂದೆರಡು ಪದ ಬೇರೆ. ಆಮೇಲೆ ಡೀನ್ ಮಕ್ಕಳ ಕಡೆ ತಿರುಗಿ ಏನೋ ಹೇಳಿದರು. ನನಗೆ ಇಂಗ್ಲಿಷ್ ತಿಳಿಯದು, ಆದರೆ ಕ್ಲೋದೀನಮ್ಮ ಗೋಡೆ ಬಿಟ್ಟು ನೆಟ್ಟಗೆ ನಿಂತದ್ದು ಕಂಡಿತು.

ಒಂದು ವಾರ ಸಮಯ ಕೊಟ್ಟರು. ಮೂವರೂ ತಂತಮ್ಮ ಮಾತಿನಲ್ಲಿ ಹೊಸದಾಗಿ ಬರೆಯಬೇಕು, ಮೂಲ ಮಾತು ಯಾರದು, ಅದನ್ನು ಇಂಗ್ಲಿಷಿಗೆ ತಂದವರು ಯಾರು, ಎರಡೂ ಹಾಕಬೇಕು. ಕ್ಲೋದೀನಮ್ಮ ಆ ಬುಧವಾರ ಒಬ್ಬಳೇ ಮಾರ್ಕೆಟ್ಟಿಗೆ ಬಂದಳು. ಟೀಚರು ಜೊತೆಯಲ್ಲಿರಲಿಲ್ಲ. ಲಾಟಿನೊಳಗೆ ತಾನೇ ಮೊಣಕೈ ತನಕ ಕೈ ಬಿಟ್ಟಳು, ತಳದ ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳ್ಳೆಯದೋ ಕೆಟ್ಟದ್ದೋ ಅಂತ ನನ್ನ ಮುಖ ನೋಡಲಿಲ್ಲ. ಕೈಯಲ್ಲೇ ಎರಡು ರಾಶಿ ಮಾಡಿ ನನ್ನ ಮುಂದಿಟ್ಟಳು. ಹನ್ನೆರಡರಲ್ಲಿ ಹನ್ನೊಂದು ಸರಿ. ಆಗ ತಿಳಿಯಿತು, ಮೊದಲ ಸಲ ಅವಳು ನನ್ನ ಮಾತನ್ನು ಬರೆದುಕೊಂಡಿದ್ದಳು, ಈಗ ಕೇಳಿಸಿಕೊಂಡಿದ್ದಾಳೆ.

ಮೂವರೂ ಪಾಸಾದರು. ಕ್ಲೋದೀನಮ್ಮ ಈಗ ರೇಷ್ಮೆ ಓದಿನ ಎರಡನೇ ವರ್ಷದಲ್ಲಿದ್ದಾಳೆ. ಟೀಚರ ಫೈಲಿಗೆ ಒಂದು ಎಚ್ಚರಿಕೆಯ ಕಾಗದ ಸೇರಿತು. ಕೆಲಸದ ಕಾಗದ ಹೊಸದಾಗಲು ಎರಡು ತಿಂಗಳು ತಡವಾಯಿತು. ಆ ಎರಡು ತಿಂಗಳೂ ಅವರು ಒಂದು ದಿನ ಬಿಡದೆ ಏಳೂವರೆ ಬಸ್ಸು ಹತ್ತಿದರು. ಪಾಠ ನಿಂತರೆ ಮಕ್ಕಳ ಹದಿನಾಲ್ಕು ವಾರ ಹಾಳಾಗುತ್ತದೆ ಅಂದರು. ನನಗಂತೂ ಕೈಮುಗಿಯಬೇಕು ಅನ್ನಿಸಿತು. ಮುಗಿದರೆ ಬೈಯುತ್ತಾರೆ.

ಆ ಹುಡುಗಿ ತನ್ನ ವರದಿಯ ಒಂದು ಪ್ರತಿ ನನಗೂ ಕೊಟ್ಟಿದ್ದಾಳೆ. ಹದಿಮೂರನೇ ಪುಟದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಎರಡು ಹೆಸರಿವೆ. ಇಂಗ್ಲಿಷ್ ಓದಲು ಬಾರದಿದ್ದರೂ ನನ್ನ ಹೆಸರಿನ ಪಕ್ಕ ಇರುವುದು ಯಾರ ಹೆಸರು ಅಂತ ಗೊತ್ತು. ಟೀಚರ ಹೆಸರು ಅಚ್ಚಾಗಿ ಕಂಡದ್ದು ಅದೊಂದೇ ಕಡೆ. ಅದನ್ನು ತೋರಿಸಿದಾಗ ಅವರು ಬಹಳ ಹೊತ್ತು ನೋಡಿದರು. ಆಮೇಲೆ ಮೇಲಿನ ಸಾಲಿನಲ್ಲಿ ಒಂದು ಚುಕ್ಕೆ ಬಿಟ್ಟಿದ್ದಾಳೆ ಅಂದರು.

ಈಗ ನಿಮಗೇನು ಬೇಕಮ್ಮಾ ಅಂತ ಕೇಳಿದೆ. ಕಾಯಂ ಕೆಲಸ ಅಂತಾರೇನೋ, ಸನ್ಮಾನ ಅಂತಾರೇನೋ ಅಂದುಕೊಂಡಿದ್ದೆ.

"ತೂಕದ ಮನೆ ಪಕ್ಕ ಇನ್ನೊಂದು ಬೆಂಚು ಹಾಕ್ಸಿದ್ರೆ ಸಾಕು. ಮಕ್ಕಳು ನಿಂತ್ಕೊಂಡು ಬರೀತಾರೆ, ಅಕ್ಷರ ಕೆಡುತ್ತೆ."

ಮಾರ್ಕೆಟ್ಟಿನವರು ಇದನ್ನು ಓದುತ್ತಾರೆ ಅಂತ ನಂಬಿದ್ದೇನೆ.

ಪತ್ರಿಕೆಗೆ ಕಳಿಸುವ ಮುಂಚೆ ಈ ಬರಹವನ್ನು ಟೀಚರಿಗೆ ತೋರಿಸಿದೆ. ನನ್ನ ಕಾಗುಣಿತ ತಿದ್ದಿಕೊಡಿ ಅಂದೆ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಪೂರ್ತಿ ಓದಿದರು. ತಮ್ಮ ಬಗ್ಗೆ ಬರೆದ ಕಡೆಯೆಲ್ಲ ಬೇಗ ಬೇಗ ಪುಟ ತಿರುಗಿಸಿದರು. ಕಾಗುಣಿತ ಅಲ್ಲಲ್ಲಿ ತಿದ್ದಿದರು. ಮತ್ತೆ ಮೊದಲನೇ ಪುಟಕ್ಕೆ ಬಂದು ಒಂದು ಕಡೆ ಪೆನ್ಸಿಲು ನಿಲ್ಲಿಸಿದರು. ಚೀಟಿ ಇಲ್ಲದ ಲಾಟು ಯಾರದೂ ಅಲ್ಲ ಅನ್ನುವ ಮಾತನ್ನು ನಾನು ಅವರ ಮಾತು ಅಂತ ಬರೆದಿದ್ದೆ.

"ಚಾಚಾ, ನೀವೇ ಹೀಗೆ ಮಾಡಿದ್ರೆ ಹೆಂಗೆ?" ಅಂದರು.

ಹಾಳೆಯ ಅಂಚಿನಲ್ಲಿ, ಮಕ್ಕಳಿಗೆ ಕಲಿಸಿದ ಹಾಗೇ, ಅವರು ಬರೆದದ್ದನ್ನು ಒಂದಕ್ಷರ ಬಿಡದೆ ಇಲ್ಲಿ ಇಳಿಸುತ್ತಿದ್ದೇನೆ. ಹೇಳಿದವರು, ಉಸ್ಮಾನ್ ಸಾಬ್, ರೀಲರ್. ಜಾಗ, ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು. ಹೊತ್ತು, ದಿನಾ ಬೆಳಿಗ್ಗೆ. ಕೇಳಿದವಳು, ಅವರ ಮಗಳು.